ರಾಡಾ, ಫ್ರೇಮಾ? ಚರ್ಮ ಹರಿದು ಮೂಳೆ ಮುರಿದ ಒಂದು ಕಾಲಿನ ಪ್ರಕರಣ

ಕೆಳಗಾಲಿನ ಮೂಳೆ ಮುರಿದು, ಮುರಿದ ಜಾಗದಲ್ಲೇ ಚರ್ಮವೂ ಹರಿದು ಬಂದ ಒಬ್ಬರ ಪ್ರಕರಣ ಇದು. ಅವರ ಗುರುತು ಸಿಗಬಾರದು ಎಂದು ವಯಸ್ಸು, ಕೆಲಸದಂಥ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಇಂಥ ಮುರಿತಕ್ಕೆ ಮೂಳೆಯ ಒಳಗೆ ರಾಡ್ ಒಳ್ಳೆಯದಾ, ಕಾಲಿನ ಹೊರಗೆ ಫ್ರೇಮ್ ಒಳ್ಳೆಯದಾ, ಪ್ಲೇಟ್ ಹಾಕಿದರೇನು ಅಂತ ಮೂಳೆ ವಿಭಾಗಕ್ಕೆ ಹೊಸದಾಗಿ ಬಂದ ವೈದ್ಯರು ಕೇಳುತ್ತಲೇ ಇರುತ್ತಾರೆ. ಈ ಕಾಲಿನ ವಿಷಯದಲ್ಲಿ ಆ ಪ್ರಶ್ನೆಗಳೆಲ್ಲ ಒಂದಾದ ಮೇಲೆ ಒಂದು ಎದುರಾದವು. ಉತ್ತರ ಹೇಳಿದ್ದು ಮಾತ್ರ ಎಕ್ಸ್‌ರೇಗಿಂತ ಜಾಸ್ತಿ, ಮೂಳೆಯ ಮೇಲಿನ ಚರ್ಮ ಮತ್ತು ಮಾಂಸ.

ಹಿನ್ನೆಲೆ

ನಲವತ್ತರ ಆಸುಪಾಸಿನ ಗಂಡಸು. ಬೈಕಿನಲ್ಲಿ ಹೋಗುವಾಗ ಪಕ್ಕದಿಂದ ಕಾರು ಗುದ್ದಿತ್ತು. ಬಲಗಾಲು ಬೈಕಿಗೂ ಕಾರಿನ ಬಂಪರಿಗೂ ನಡುವೆ ಸಿಕ್ಕಿ, ಆಮೇಲೆ ರಸ್ತೆ ಪಕ್ಕದ ಮಣ್ಣಿನಲ್ಲಿ ಎಳೆದುಕೊಂಡು ಹೋಗಿತ್ತು. ಸಕ್ಕರೆ ಕಾಯಿಲೆ ಇಲ್ಲ. ದಿನಾ ಸಿಗರೇಟು ಸೇದುವ ಅಭ್ಯಾಸ ಇತ್ತು. ಮುಂದೆ ಮೂಳೆ ಕೂಡುವ ಮಾತು ಬಂದಾಗ ಇದು ಲೆಕ್ಕಕ್ಕೆ ಬರುತ್ತದೆ.

ಎಮರ್ಜೆನ್ಸಿಗೆ ಬಂದಾಗ ಅಪಘಾತವಾಗಿ ಹತ್ತಿರ ಹತ್ತಿರ ಒಂದು ಗಂಟೆ. ತಲೆ, ಎದೆ, ಹೊಟ್ಟೆಗೆ ಪೆಟ್ಟಾಗಿರಲಿಲ್ಲ. ಪಾದದ ನಾಡಿ ಸಿಗುತ್ತಿತ್ತು, ಅಂಗಾಲು ಮುಟ್ಟಿದರೆ ಗೊತ್ತಾಗುತ್ತಿತ್ತು. ಕಾಲಿನ ಒಳಬದಿಯಲ್ಲಿ, ಮೊಣಕಾಲಿಗೂ ಪಾದದ ಕೀಲಿಗೂ ಸರಿಸುಮಾರು ನಡುವೆ, ಆರೇಳು ಸೆಂಟಿಮೀಟರ್ ಉದ್ದದ ಗಾಯ. ಅದರೊಳಗೆ ಹುಲ್ಲು, ಮಣ್ಣು. ಎಕ್ಸ್‌ರೇಯಲ್ಲಿ ಕೆಳಗಾಲಿನ ದಪ್ಪ ಮೂಳೆ ಟಿಬಿಯಾ ನಡುಭಾಗದಲ್ಲಿ ಮುರಿದು, ಆಪಿನ (ಬೆಣೆಯ) ಆಕಾರದ ಒಂದು ದೊಡ್ಡ ಚೂರು ಬೇರೆಯಾಗಿತ್ತು. ಪಕ್ಕದ ತೆಳು ಮೂಳೆ ಫಿಬುಲಾ ಕೂಡ ಅದೇ ಮಟ್ಟದಲ್ಲಿ ಮುರಿದಿತ್ತು.

ಎಮರ್ಜೆನ್ಸಿಯಲ್ಲಿದ್ದ ಕಿರಿಯ ವೈದ್ಯೆ ಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಎಕ್ಸ್‌ರೇಗೆ ಕಳಿಸುವ ಮೊದಲೇ ಅವರು ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಟ್ಟಿದ್ದರು. ಸೆಫಾಜೋಲಿನ್, ಗಾಯ ಕೊಳಕಾಗಿದ್ದರಿಂದ ಜೊತೆಗೆ ಜೆಂಟಾಮೈಸಿನ್. ಟಿಟಿ ಕೊಟ್ಟರು. ಕಣ್ಣಿಗೆ ಕಾಣುವ ಕಸ ತೆಗೆದರು, ಗಾಯದ ಫೋಟೋ ತೆಗೆದರು, ಸಲೈನ್‌ನಲ್ಲಿ ನೆನೆಸಿದ ಗಾಜ್ ಇಟ್ಟು ಮುಚ್ಚಿ ಸ್ಪ್ಲಿಂಟ್ ಕಟ್ಟಿದರು. ಆಮೇಲೆ ಬಂದ ಪ್ರತಿಯೊಬ್ಬರೂ ಡ್ರೆಸ್ಸಿಂಗ್ ಬಿಚ್ಚದೆ ಫೋಟೋ ನೋಡಿದರು. ವಾರ್ಡಿನಲ್ಲಿ ಗಾಯಕ್ಕೆ ನೀರು ಸುರಿಯುವ ಅವಸರ ಯಾರೂ ಮಾಡಲಿಲ್ಲ. ಸೋಂಕು ತಡೆಯುವುದರಲ್ಲಿ ಬೇಗ ಕೊಟ್ಟ ಆಂಟಿಬಯೋಟಿಕ್‌ಗಿಂತ ದೊಡ್ಡ ಕೆಲಸ ಆ ಮೊದಲ ಗಂಟೆಯಲ್ಲಿ ಬೇರೆ ಇಲ್ಲ. ಮುಂದೆ ಯಾವ ರಾಡ್, ಯಾವ ಫ್ರೇಮ್ ಅಂತ ನಾವು ಎಷ್ಟು ತಲೆ ಕೆಡಿಸಿಕೊಂಡರೂ, ಈ ಒಂದು ಇಂಜೆಕ್ಷನ್ ತಡವಾದರೆ ಅದನ್ನು ಯಾವ ಲೋಹದ ತುಂಡೂ ತುಂಬಿಕೊಡುವುದಿಲ್ಲ.

ಕೇಸ್ ಶೀಟಿನಲ್ಲಿ "ಗುಸ್ಟಿಲೊ ಟೈಪ್ 2" ಅಂತ ಬರೆದಿತ್ತು. ತೆರೆದ ಮುರಿತಗಳನ್ನು, ಅಂದರೆ ಚರ್ಮವೂ ಹರಿದ ಮುರಿತಗಳನ್ನು, ವಿಂಗಡಿಸಲು 1976ರಲ್ಲಿ ಬಂದು, 1984ರಲ್ಲಿ ತಿದ್ದುಪಡಿಯಾದ ಪದ್ಧತಿ ಇದು. ಗಾಯ ಒಂದು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಒಂದನೇ ಟೈಪ್. ಅದಕ್ಕಿಂತ ದೊಡ್ಡದಿದ್ದು, ಮಾಂಸ ಅಷ್ಟೇನೂ ಜಜ್ಜಿಲ್ಲದಿದ್ದರೆ ಎರಡು. ಜೋರು ಹೊಡೆತಕ್ಕೆ ಮಾಂಸ ಜಜ್ಜಿ, ಮೂಳೆ ಚೂರಾಗಿದ್ದರೆ ಮೂರು. ಮೂರರಲ್ಲೇ ಮತ್ತೆ ಮೂರು ಭಾಗ: ಇರುವ ಚರ್ಮ ಮಾಂಸದಲ್ಲೇ ಮೂಳೆ ಮುಚ್ಚಬಹುದಾದರೆ ಎ, ಬೇರೆ ಕಡೆಯಿಂದ ಮಾಂಸ ತಂದು ಮುಚ್ಚಬೇಕಾದರೆ ಬಿ, ರಿಪೇರಿ ಮಾಡಲೇಬೇಕಾದ ಹಾಗೆ ರಕ್ತನಾಳ ಹರಿದಿದ್ದರೆ ಸಿ.

ಮೊದಲ ತಿರುವು: ಟೈಪ್ ಬದಲಾಯಿತು

ಓಟಿಯಲ್ಲಿ ಗಾಯವನ್ನು ಮೇಲಕ್ಕೂ ಕೆಳಕ್ಕೂ ಬಿಡಿಸಿ ನೋಡಿದಾಗ ಚಿತ್ರ ಬೇರೆಯೇ ಆಯಿತು. ಹೊರಗೆ ಆರೇಳು ಸೆಂಟಿಮೀಟರ್ ಕಂಡಿದ್ದ ಗಾಯದ ಸುತ್ತ ಅಂಗೈ ಅಗಲದಷ್ಟು ಚರ್ಮ ಕೆಳಗಿನ ಪದರದಿಂದ ಕಿತ್ತುಬಂದಿತ್ತು. ಮೂಳೆಗೆ ಅಂಟಿಕೊಂಡಿರುವ ತೆಳು ಪೊರೆ, ಪೆರಿಯೋಸ್ಟಿಯಂ, ಒಳಬದಿಯಲ್ಲಿ ಪೂರ್ತಿ ಸುಲಿದಿತ್ತು. ಮೂಳೆಯ ಮುರಿದ ತುದಿಯೊಳಗೆ ಮಣ್ಣು ಹೊಕ್ಕಿತ್ತು.

ಟಿಬಿಯಾದ ಕಷ್ಟ ಇರುವುದೇ ಇಲ್ಲಿ. ನಿಮ್ಮ ಕೆಳಗಾಲಿನ ಮುಂಭಾಗದ ಒಳಬದಿ ಮುಟ್ಟಿ ನೋಡಿಕೊಳ್ಳಿ. ಬೆರಳಿಗೆ ನೇರವಾಗಿ ಮೂಳೆಯೇ ಸಿಗುತ್ತದೆ ಅಲ್ವಾ? ಅಲ್ಲಿ ಮಾಂಸ ಇಲ್ಲ, ಬರೀ ಚರ್ಮ. ಆ ಚರ್ಮ ಹೋದರೆ ಮೂಳೆ ಬಯಲಾಗುತ್ತದೆ, ಒಣಗುತ್ತದೆ, ಸಾಯುತ್ತದೆ. ತೊಡೆಮೂಳೆಗೆ ಸುತ್ತಲೂ ದಪ್ಪ ಮಾಂಸ ಇರುತ್ತದೆ. ಅದಕ್ಕೇ ಅಷ್ಟೇ ಜೋರಿನ ಪೆಟ್ಟು ಬಿದ್ದರೂ ತೊಡೆಗಿಂತ ಕೆಳಗಾಲಿನಲ್ಲಿ ಸೋಂಕು, ಮೂಳೆ ಕೂಡದಿರುವುದು ಜಾಸ್ತಿ.

ಬದುಕಿಲ್ಲದ ಚರ್ಮ, ಕೊಬ್ಬು, ಮಾಂಸವನ್ನು ಕತ್ತರಿಸಿ ತೆಗೆದೆವು. ಮಾಂಸ ಬದುಕಿದೆಯೋ ಇಲ್ಲವೋ ಎಂದು ನೋಡಲು ನಾಲ್ಕು ಗುರುತುಗಳಿವೆ: ಬಣ್ಣ, ಮುಟ್ಟಿದರೆ ಸಿಗುವ ಬಿಗಿ, ಚಿಮುಟಿದರೆ ಕುಗ್ಗುವುದು, ಕೊಯ್ದರೆ ರಕ್ತ ಬರುವುದು. ರಕ್ತ ಬರುವುದು ಕಾಣಲಿ ಅಂತ ತೊಡೆಗೆ ಕಟ್ಟಿದ್ದ ಪಟ್ಟಿಯನ್ನು ಬಿಗಿ ಮಾಡಲಿಲ್ಲ. ಆಮೇಲೆ ಒಂಬತ್ತು ಲೀಟರ್ ಸಲೈನ್, ಒತ್ತಡ ಇಲ್ಲದೆ, ಎತ್ತರದಲ್ಲಿ ತೂಗುಹಾಕಿದ ಬಾಟಲಿಯಿಂದ. ಜೋರಾಗಿ ಚಿಮ್ಮಿಸುವ ಯಂತ್ರವಾಗಲಿ, ಸೋಪಿನ ನೀರಾಗಲಿ ಬೇಕಾಗಿಲ್ಲ ಅನ್ನುವುದನ್ನು 2015ರಲ್ಲಿ ಪ್ರಕಟವಾದ, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಫ್ಲೋ ಅಧ್ಯಯನ ತೋರಿಸಿಕೊಟ್ಟಿದೆ. ಅದರಲ್ಲಿ ಒತ್ತಡ ಹೆಚ್ಚಿದ್ದರೂ ಕಡಿಮೆ ಇದ್ದರೂ ಫಲಿತಾಂಶ ಒಂದೇ. ಸೋಪು ಬಳಸಿದವರಲ್ಲಿ ಮತ್ತೆ ಆಪರೇಶನ್ ಬೇಕಾದದ್ದು ಸಲೈನ್ ಗುಂಪಿಗಿಂತ ಜಾಸ್ತಿ.

ತೊಳೆದು ಮುಗಿಸಿದಾಗ ಮೂಳೆಯ ಮೇಲೆ ಮುಚ್ಚಲಾಗದ ಒಂದು ಖಾಲಿ ಜಾಗ ಉಳಿಯಿತು. ಟೈಪ್ 2 ಅಂತ ಒಳಗೆ ಬಂದ ರೋಗಿ ಟೈಪ್ 3ಬಿ ಆಗಿ ಹೊರಗೆ ಹೋದರು. ಈ ವಿಂಗಡಣೆಯನ್ನು ಓಟಿಯಲ್ಲಿ, ಕೊಳೆ ತೆಗೆದ ಮೇಲೆ ಮಾಡಬೇಕು ಎಂದು ಗುಸ್ಟಿಲೊ ಪದ್ಧತಿ ಕಲಿಸುವ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವುದಕ್ಕೆ ಕಾರಣ ಏನು ಅಂತ ಈ ಕಾಲು ನೋಡಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಕಾಲು ಉಳಿಸುವ ಪ್ರಶ್ನೆ ಇಲ್ಲಿ ಕಷ್ಟದ್ದಾಗಿರಲಿಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ವೈದ್ಯರು 2006ರಲ್ಲಿ ಪ್ರಕಟಿಸಿದ ಅಂಕ ಪದ್ಧತಿ ಚರ್ಮ, ಮೂಳೆ, ಮಾಂಸಕ್ಕೆ ಬೇರೆ ಬೇರೆ ಅಂಕ ಕೊಡುತ್ತದೆ. ಮೊತ್ತ 14 ಅಥವಾ ಕಡಿಮೆ ಇದ್ದರೆ ಉಳಿಸಬಹುದು, 17 ಅಥವಾ ಹೆಚ್ಚಿದ್ದರೆ ತೆಗೆಯುವುದೇ ಸರಿಯಾಗಬಹುದು, ನಡುವಿನದು ಅನುಮಾನದ ಜಾಗ. ಇವರದ್ದು 8. ಗುಸ್ಟಿಲೊ ಪದ್ಧತಿಯಲ್ಲಿ "3ಬಿ" ಅಂದರೆ ಚಿಕ್ಕ ತೊಂದರೆಯೂ ಅದೇ, ಭಯಂಕರ ತೊಂದರೆಯೂ ಅದೇ. ಹಾಗಾಗಿ ಎರಡನ್ನೂ ಬರೆದಿಡುವುದು ನನಗೆ ಸರಿ ಅನ್ನಿಸುತ್ತದೆ.

ಎರಡನೇ ತಿರುವು: ಅವತ್ತೇ ರಾಡ್ ಹಾಕಬೇಕಾ?

ಟೇಬಲ್ ಪಕ್ಕದಲ್ಲೇ ಚರ್ಚೆ ಆಯಿತು. ಒಬ್ಬ ಸಹೋದ್ಯೋಗಿ, "ಗಾಯ ಕ್ಲೀನ್ ಆಗಿದೆ, ಈಗಲೇ ರಾಡ್ ಹಾಕಿ ಮುಗಿಸೋಣ" ಅಂದರು. ಅವರ ಮಾತಿನಲ್ಲಿ ತೂಕ ಇತ್ತು. ಟೈಪ್ 1, 2, 3ಎ ಮುರಿತಗಳಲ್ಲಿ ಮೊದಲ ದಿನವೇ ರಾಡ್ ಹಾಕುವುದು ಈಗ ಸಾಮಾನ್ಯ. ಫ್ರೇಮಿಗೆ ಹೋಲಿಸಿದರೆ ರಾಡ್ ಹಾಕಿದವರಲ್ಲಿ ಮೂಳೆ ಸೊಟ್ಟ ಕೂಡುವುದು ಕಡಿಮೆ, ಪಿನ್ ಜಾಗದ ಸೋಂಕಿನ ಕಾಟ ಇಲ್ಲ.

ಆದರೆ ನಮ್ಮ ಮುಂದೆ ಎರಡು ಅಡ್ಡಿ ಇದ್ದವು. ಮೊದಲನೆಯದು, ಆ ಆಪಿನಂಥ ಚೂರು. ಅದಕ್ಕೆ ಒಂದು ಬದಿಯಲ್ಲಿ ಸ್ವಲ್ಪ ಮಾಂಸ ಅಂಟಿಕೊಂಡಿತ್ತು. ಬದುಕುತ್ತದೋ ಇಲ್ಲವೋ ಅವತ್ತೇ ಹೇಳಲು ಬರುತ್ತಿರಲಿಲ್ಲ. ಎರಡನೆಯದು ಇದಕ್ಕಿಂತ ದೊಡ್ಡದು. ಫ್ಲ್ಯಾಪ್ ಅಂದರೆ ರಕ್ತ ಹರಿಯುವ ಮಾಂಸವನ್ನು ಬೇರೆ ಕಡೆಯಿಂದ ತಂದು ಗಾಯ ಮುಚ್ಚುವುದು; ಅದನ್ನು ಮಾಡುವ ಪ್ಲಾಸ್ಟಿಕ್ ಸರ್ಜನ್ ಅವತ್ತು ಸಿಗುತ್ತಿರಲಿಲ್ಲ. ರಾಡ್ ಹಾಕಿ, ಮೂಳೆಯನ್ನು ಬಯಲಾಗಿಯೇ ಬಿಟ್ಟು, ದಿನಗಟ್ಟಲೆ ಡ್ರೆಸ್ಸಿಂಗ್ ಮೇಲೆ ಕಾಯುವುದು ಅಂದರೆ ಒಳಗಿನ ಲೋಹಕ್ಕೆ ಆಸ್ಪತ್ರೆಯ ಕ್ರಿಮಿಗಳು ದಾರಿ ಕಂಡುಕೊಳ್ಳಲು ಬಿಟ್ಟಂತೆ. ರಾಡ್ ಮೂಳೆಯ ಉದ್ದಕ್ಕೂ ಹೋಗುತ್ತದೆ. ಸೋಂಕು ತಗುಲಿದರೆ ಅದೂ ಉದ್ದಕ್ಕೂ ಹೋಗುತ್ತದೆ.

ಹಾಗಾಗಿ ತಾತ್ಕಾಲಿಕವಾಗಿ ಹೊರಗಿನ ಫ್ರೇಮ್, ಅಂದರೆ ಎಕ್ಸ್‌ಟರ್ನಲ್ ಫಿಕ್ಸೇಟರ್ ಹಾಕಿದೆವು. ಮುರಿತದ ಮೇಲೆ ಎರಡು ಪಿನ್, ಕೆಳಗೆ ಎರಡು, ಹೊರಗೆ ಸೇರಿಸುವ ಕಡ್ಡಿ. ಪಿನ್ ಎಲ್ಲಿ ಹಾಕಬೇಕು ಅಂತ ನಿರ್ಧರಿಸುವ ಮೊದಲು ಪ್ಲಾಸ್ಟಿಕ್ ಸರ್ಜನ್‌ಗೆ ಫೋಟೋ ಕಳಿಸಿ ಫೋನಿನಲ್ಲಿ ಕೇಳಿದೆವು. ಫ್ಲ್ಯಾಪ್ ಒಳಬದಿಯಿಂದ ಬರುತ್ತದೆ, ಆ ಬದಿ ಖಾಲಿ ಬಿಡಿ ಅಂದರು. ಪಿನ್‌ಗಳನ್ನು ಗಾಯದಿಂದ ದೂರ, ಮುಂಭಾಗದಿಂದ ಹಾಕಿದೆವು. ಈ ಒಂದು ಫೋನ್ ಮಾಡದೆ ಹಾಕಿದ ಫ್ರೇಮ್‌ಗಳು ಆಮೇಲೆ ಫ್ಲ್ಯಾಪಿಗೇ ಅಡ್ಡ ನಿಲ್ಲುವುದನ್ನು ಎಷ್ಟೋ ಕಡೆ ನೋಡಬಹುದು. ಆಗ ಫ್ರೇಮ್ ಬಿಚ್ಚಿ ಮತ್ತೆ ಹಾಕಬೇಕು, ಹೊಸ ತೂತು, ಹೊಸ ಅಪಾಯ.

ಮೂಳೆ ಮೇಲಿನ ಖಾಲಿ ಜಾಗದಲ್ಲಿ ಆಂಟಿಬಯೋಟಿಕ್ ಬೆರೆಸಿದ ಸಿಮೆಂಟ್ ಮಣಿಗಳನ್ನಿಟ್ಟು, ಮೇಲೆ ಪಾರದರ್ಶಕ ಹಾಳೆ ಅಂಟಿಸಿ ಮುಚ್ಚಿದೆವು. ಗಾಳಿ ಎಳೆಯುವ ವ್ಯಾಕ್ಯೂಮ್ ಡ್ರೆಸ್ಸಿಂಗ್ ಯಾಕೆ ಹಾಕಲಿಲ್ಲ ಅಂತ ಕೆಲವರು ಕೇಳಿದರು. ಅದು ಹಾಕಬಾರದ್ದೇನೂ ಅಲ್ಲ. ಆದರೆ ಬ್ರಿಟನ್‌ನಲ್ಲಿ ಕಾಲಿನ ತೆರೆದ ಮುರಿತಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ವೋಲ್ಫ್ ಅಧ್ಯಯನದಲ್ಲಿ, ಒಂದು ವರ್ಷದ ನಂತರ ವ್ಯಾಕ್ಯೂಮ್‌ನಿಂದ ಮಾಮೂಲಿ ಡ್ರೆಸ್ಸಿಂಗಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ನನ್ನ ಭಯ ಬೇರೆ. ವ್ಯಾಕ್ಯೂಮ್ ಹಾಕಿದ ಮೇಲೆ ಗಾಯ ನೋಡಲು ಚೆನ್ನಾಗಿ ಕಾಣುತ್ತದೆ, ಎಲ್ಲರಿಗೂ ಸಮಾಧಾನ ಆಗುತ್ತದೆ, ಫ್ಲ್ಯಾಪ್ ಸುಮ್ನೆ ಒಂದೊಂದೇ ದಿನ ಮುಂದಕ್ಕೆ ಹೋಗುತ್ತದೆ.

ಮೂರನೇ ತಿರುವು: ಕೊನೆಯ ಆಯ್ಕೆ

ನಲವತ್ತೆಂಟು ಗಂಟೆ ಕಳೆದ ಮೇಲೆ ಮತ್ತೆ ಓಟಿ. ಈ ಸಲ ಮೂಳೆ ತಂಡ, ಪ್ಲಾಸ್ಟಿಕ್ ಸರ್ಜರಿ ತಂಡ ಎರಡೂ ಒಟ್ಟಿಗೆ. ಮಾಂಸ ಚೆನ್ನಾಗಿತ್ತು. ಆ ಆಪಿನ ಚೂರು ಮಾತ್ರ ಉಳಿದಿರಲಿಲ್ಲ. ಮೆಲ್ಲಗೆ ಎಳೆದರೆ ಕೈಗೇ ಬಂತು, ಅಂಚಿನಲ್ಲಿ ಒಂದು ಹನಿ ರಕ್ತ ಇಲ್ಲ. ತೆಗೆದೆವು. ಮೂಳೆಯಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ, ಅರ್ಧ ಸುತ್ತಿನಷ್ಟು ಅಗಲದ ಖಾಲಿ ಜಾಗ ಆಯಿತು. ಹಿಂಭಾಗದಲ್ಲಿ ಮೂಳೆಗೆ ಮೂಳೆ ತಾಗುತ್ತಿತ್ತು. ಸತ್ತ ಚೂರನ್ನು "ಎಷ್ಟಾದರೂ ಮೂಳೆಯಲ್ವಾ, ಇರಲಿ" ಅಂತ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ರಕ್ತ ಇಲ್ಲದ ಮೂಳೆ ಕ್ರಿಮಿಗಳಿಗೆ ಬಿಟ್ಟುಕೊಟ್ಟ ಮನೆ. ಖಾಲಿ ಜಾಗವನ್ನು ಆಮೇಲೆ ತುಂಬಬಹುದು.

ಈಗ ನಮ್ಮ ಮುಂದೆ ನಾಲ್ಕು ದಾರಿ.

ಪ್ಲೇಟ್ ಮೊದಲು ಪಕ್ಕಕ್ಕೆ ಸರಿಯಿತು. ಪ್ಲೇಟ್ ಕೂರಿಸಬೇಕಾದರೆ ಈಗಾಗಲೇ ಸುಲಿದ ಜಾಗದಲ್ಲೇ ಇನ್ನಷ್ಟು ಬಿಡಿಸಬೇಕು, ಆಮೇಲೆ ಅದು ಅದೇ ತೆಳು ಚರ್ಮದ ಕೆಳಗೆ ಕೂರಬೇಕು. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟಿಬಿಯಾದ ತೀವ್ರ ತೆರೆದ ಮುರಿತಗಳಿಗೆ ಪ್ಲೇಟ್ ಮತ್ತು ಫ್ರೇಮ್ ಹೋಲಿಸಿದ್ದರು. ಮೂಳೆಯೊಳಗಿನ ಸೋಂಕು ಪ್ಲೇಟ್ ಗುಂಪಿನಲ್ಲೇ ಜಾಸ್ತಿ ಇತ್ತು. ಕೀಲಿನ ಹತ್ತಿರದ ಮುರಿತಕ್ಕೆ ಪ್ಲೇಟಿಗೆ ಅದರದೇ ಜಾಗ ಇದೆ. ನಡು ಟಿಬಿಯಾದ 3ಬಿಯಲ್ಲಿ ನನಗೆ ಅದರ ಅಗತ್ಯ ಕಾಣುವುದಿಲ್ಲ.

ಹಾಕಿದ್ದ ಫ್ರೇಮನ್ನೇ ಕೊನೆಯವರೆಗೂ ಮುಂದುವರಿಸುವುದು ಎರಡನೇ ದಾರಿ. ಇದರ ಪರವಾಗಿ ಒಳ್ಳೆಯ ಮಾತುಗಳಿವೆ. ಮುರಿದ ಜಾಗದಲ್ಲಿ ಲೋಹ ಇಲ್ಲ, ಮತ್ತೊಂದು ದೊಡ್ಡ ಆಪರೇಶನ್ ಇಲ್ಲ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೆರೆದ ಟಿಬಿಯಾ ಮುರಿತಕ್ಕೆ ರಾಡ್ ಹಾಕಿದವರಿಗೂ ಫ್ರೇಮ್ ಹಾಕಿದವರಿಗೂ ಒಂದು ವರ್ಷದ ಹೊತ್ತಿಗೆ ದೊಡ್ಡ ತೊಂದರೆಗಳಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ರಾಡ್ ಹಾಕಿದವರು ಮೊದಲ ವಾರಗಳಲ್ಲಿ ಹೆಚ್ಚು ಆರಾಮಾಗಿದ್ದರು, ಮೂಳೆಯೂ ನೆಟ್ಟಗಿತ್ತು. ಆದರೆ ಆ ಗಾಯಗಳು ಫ್ಲ್ಯಾಪ್ ಇಲ್ಲದೆ ಮುಚ್ಚಬಹುದಾದಂಥವು. ನಮ್ಮ ರೋಗಿಗೆ ಅದನ್ನು ಹಾಗೇ ಅನ್ವಯಿಸಲು ಬರುವುದಿಲ್ಲ.

ಮೂರನೆಯದು ಉಂಗುರದ ಫ್ರೇಮ್. ಸುತ್ತಲೂ ಉಂಗುರ, ತೆಳು ತಂತಿಗಳು. ಮೂಳೆ ಪೂರ್ತಿ ಸುತ್ತಿಗೆ ಹೋಗಿ ಉದ್ದವೇ ಕಡಿಮೆಯಾಗಿದ್ದರೆ ಇದೇ ಮೊದಲ ಆಯ್ಕೆ ಆಗಬಹುದಿತ್ತು. ಯಾಕೆಂದರೆ ಇದರಲ್ಲಿ ಮೂಳೆಯನ್ನು ನಿಧಾನವಾಗಿ ಬೆಳೆಸಿ ಸರಿಸಬಹುದು. ತೀವ್ರ ತೆರೆದ ಟಿಬಿಯಾ ಮುರಿತಗಳಲ್ಲಿ ಉಂಗುರದ ಫ್ರೇಮಿನಿಂದ ಸೋಂಕು ಕಡಿಮೆ ಆಗಬಹುದು ಅಂತ ಬಹಳ ಜನ ನಂಬಿದ್ದರು. 2022ರಲ್ಲಿ ಪ್ರಕಟವಾದ ಫಿಕ್ಸ್‌ಇಟ್ ಅಧ್ಯಯನ ಅದನ್ನೇ ಪರೀಕ್ಷಿಸಿತು. ಆಳದ ಸೋಂಕು ಕಡಿಮೆ ಆಗಲಿಲ್ಲ. ದೊಡ್ಡ ತೊಂದರೆಗಳು ಫ್ರೇಮ್ ಗುಂಪಿನಲ್ಲೇ ಜಾಸ್ತಿ ಬಂದವು, ಮುಖ್ಯವಾಗಿ ಮೂಳೆಯ ಜೋಡಣೆ ಸರಿದದ್ದರಿಂದ.

ನಾಲ್ಕನೆಯದು ರಾಡ್, ಅದೇ ಸಿಟ್ಟಿಂಗ್‌ನಲ್ಲಿ ಫ್ಲ್ಯಾಪ್. ಎರಡು ದಿನದ ಹಿಂದೆ ರಾಡ್ ಬೇಡ ಎಂದವರೇ ಈಗ ರಾಡ್ ಕಡೆ ವಾಲಿದೆವು. ಎಕ್ಸ್‌ರೇಯಲ್ಲಿ ನೋಡಿದರೆ ಮೂಳೆ ಆವತ್ತಿಗಿಂತ ಕೆಟ್ಟದಾಗಿಯೇ ಇತ್ತು, ಒಂದು ಚೂರು ಕಡಿಮೆ. ಬದಲಾಗಿದ್ದು ಇಷ್ಟೇ: ಗಾಯ ನಿಜವಾಗಿ ಶುದ್ಧವಾಗಿದೆ ಅಂತ ಎರಡನೇ ಸಲ ಕಣ್ಣಾರೆ ನೋಡಿದ್ದೆವು, ಮತ್ತು ರಾಡ್ ಹಾಕಿದ ಕೆಲವೇ ಗಂಟೆಯಲ್ಲಿ ಅದರ ಮೇಲೆ ರಕ್ತ ಹರಿಯುವ ಮಾಂಸ ಬಂದು ಕೂರುತ್ತಿತ್ತು. ಎಪ್ಪತ್ತೆರಡು ಗಂಟೆಯೊಳಗೆ ಮುಚ್ಚಬೇಕು ಅನ್ನುವ ಗುರಿ 1986ರಲ್ಲಿ ಗೊಡಿನಾ ಎಂಬ ಸರ್ಜನ್ ತಮ್ಮ ಅನುಭವ ಪ್ರಕಟಿಸಿದಾಗಿನಿಂದ ಚರ್ಚೆಯಲ್ಲಿದೆ. ಈಗಿನ ಬ್ರಿಟಿಷ್ ಮಾರ್ಗಸೂಚಿ ಹೇಳುವುದೂ ಅದನ್ನೇ. ಒಳಗೆ ಲೋಹ ಹಾಕುವುದಾದರೆ ಮುಚ್ಚುವ ಕೆಲಸವೂ ಅದರ ಜೊತೆಗೇ ಆಗಬೇಕು ಅನ್ನುವುದನ್ನೂ ಅದು ಸೇರಿಸುತ್ತದೆ.

ಆಪರೇಶನ್‌ಗೆ ಮೊದಲು ರೋಗಿಯ ಜೊತೆ, ಅವರ ಹೆಂಡತಿಯ ಜೊತೆ ಕೂತು ಎಲ್ಲ ದಾರಿಗಳನ್ನೂ ಹೇಳಿದ್ದೆವು. ಅವರ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ಇದರಲ್ಲಿ ಕಾಲು ಹೋಗುವ ಅಪಾಯ ಯಾವುದರಲ್ಲಿ ಕಡಿಮೆ?" ಸೋಂಕಿನ ಅಪಾಯ ಯಾವುದರಲ್ಲೂ ಇದ್ದೇ ಇದೆ, ಬೇಗ ಮುಚ್ಚಿದರೆ ಎಲ್ಲದರಲ್ಲೂ ಕಡಿಮೆ ಅಂದೆವು. ರೋಗಿ, "ಸರ್, ಕಬ್ಬಿಣ ಹೊರಗೆ ಇಟ್ಕೊಂಡು ತಿಂಗಳುಗಟ್ಟಲೆ ಇರೋದು ನನ್ನಿಂದ ಆಗಲ್ಲ" ಅಂದರು. ಅದೂ ಒಂದು ಮಾಹಿತಿಯೇ. ದಿನಾ ಪಿನ್ ಜಾಗ ಶುಚಿ ಮಾಡಿಕೊಳ್ಳಲು ಮನಸ್ಸಿಲ್ಲದವರಿಗೆ ಫ್ರೇಮ್ ಹಾಕಿ ಕಳಿಸಿದರೆ ಕಾಗದದ ಮೇಲಿನ ಅಂಕಿ ಅಂಶ ಅವರನ್ನು ಕಾಪಾಡುವುದಿಲ್ಲ.

ಪಿನ್ ಜಾಗಗಳು ಒಣಗಿದ್ದವು, ಕೆಂಪಾಗಿರಲಿಲ್ಲ. ಫ್ರೇಮ್‌ನಿಂದ ರಾಡ್‌ಗೆ ಬದಲಾಯಿಸುವುದಾದರೆ ಇದನ್ನು ಮೊದಲು ನೋಡಬೇಕು. ಎರಡು ವಾರ ದಾಟುವ ಮೊದಲು, ಪಿನ್ ಜಾಗ ಸೋರುವ ಮೊದಲು ಬದಲಾಯಿಸಿದರೆ ಒಂದೇ ಸಲಕ್ಕೆ ಮಾಡಬಹುದು. ಪಿನ್‌ನಲ್ಲಿ ಕೀವು ಇದ್ದಾಗ ರಾಡ್ ದೂಡಿದರೆ ಆ ಕೀವನ್ನು ಮೂಳೆಯ ಉದ್ದಕ್ಕೂ ಹಂಚಿದ ಹಾಗೆ.

ರಾಡ್ ಕೂರಿಸುವ ಮೊದಲು ಒಳಗಿನ ಕೊಳವೆಯನ್ನು ಕೊರೆಯಬೇಕಾ ಬೇಡವಾ ಅನ್ನುವುದಕ್ಕೂ ಚರ್ಚೆ ಬಂತು. ಕೊರೆದರೆ ದಪ್ಪ ರಾಡ್ ಹೋಗುತ್ತದೆ, ಬಿಗಿ ಸಿಗುತ್ತದೆ. ಆದರೆ ಮೂಳೆಯ ಒಳಗಿನ ರಕ್ತ ಸಂಚಾರಕ್ಕೆ ಪೆಟ್ಟು, ಹೊರಗಿನ ಪೊರೆ ಮೊದಲೇ ಸುಲಿದಿದೆ. 2008ರ ಸ್ಪ್ರಿಂಟ್ ಅಧ್ಯಯನದಲ್ಲಿ ಚರ್ಮ ಹರಿಯದ ಮುರಿತಗಳಲ್ಲಿ ಕೊರೆದು ಹಾಕಿದ ರಾಡ್ ಮೇಲು ಅನ್ನಿಸಿತ್ತು, ತೆರೆದ ಮುರಿತಗಳಲ್ಲಿ ಸ್ಪಷ್ಟ ವ್ಯತ್ಯಾಸ ಇರಲಿಲ್ಲ. ನಾವು ಬೇಕಾದಷ್ಟೇ, ಸ್ವಲ್ಪ ಕೊರೆದೆವು. ಮೇಲೆ ಎರಡು, ಕೆಳಗೆ ಎರಡು ಸ್ಕ್ರೂ. ಫಿಬುಲಾ ಮುಟ್ಟಲಿಲ್ಲ. ಖಾಲಿ ಜಾಗದಲ್ಲಿ ಆಂಟಿಬಯೋಟಿಕ್ ಸಿಮೆಂಟ್ ತುಂಡು. ಅದರ ಮೇಲೆ ಮೀನಖಂಡದ ಸೋಲಿಯಸ್ ಮಾಂಸವನ್ನು ತಿರುಗಿಸಿ ತಂದು, ತೊಡೆಯ ತೆಳು ಚರ್ಮ ಹೊದಿಸಿದರು. ನಡುಭಾಗದ ಗಾಯಕ್ಕೆ ಸೋಲಿಯಸ್ ಹತ್ತಿರ ಇರುವುದು ಇವರ ಅದೃಷ್ಟ. ಪಾದದ ಕೀಲಿನ ಹತ್ತಿರದ ಗಾಯವಾಗಿದ್ದರೆ ದೂರದಿಂದ ಮಾಂಸ ತಂದು ಸಣ್ಣ ರಕ್ತನಾಳಗಳನ್ನು ಹೊಲಿಯಬೇಕಾಗುತ್ತಿತ್ತು.

ಮುಂದೆ ಆದದ್ದು

ಮೂರನೇ ವಾರ ಫ್ಲ್ಯಾಪಿನ ಅಂಚಿನಲ್ಲಿ ನಾಣ್ಯದಗಲ ಚರ್ಮ ಕಪ್ಪಾಗಿ ಸೋರತೊಡಗಿತು. ಮನೆಯವರು ಗಾಬರಿಯಾದರು. ಜ್ವರ ಇರಲಿಲ್ಲ, ಸೋಂಕಿದ್ದರೆ ರಕ್ತದಲ್ಲಿ ಏರುವ ಸಿಆರ್‌ಪಿ ಇಳಿಯುತ್ತಿತ್ತು, ಸೋರಿದ್ದು ತಿಳಿನೀರು, ಆಳಕ್ಕೆ ದಾರಿ ಇರಲಿಲ್ಲ. ಮೇಲಿನಿಂದ ಹತ್ತಿಯಲ್ಲಿ ಒರೆಸಿ ಕಲ್ಚರಿಗೆ ಕಳಿಸಿ, ಬಂದ ಕ್ರಿಮಿಗೆಲ್ಲ ಔಷಧ ಕೊಡುವ ದಾರಿ ಹಿಡಿಯಲಿಲ್ಲ. ಚರ್ಮದ ಮೇಲೆ ಯಾವುದಾದರೂ ಕ್ರಿಮಿ ಸಿಕ್ಕೇ ಸಿಗುತ್ತದೆ, ಮೂಳೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಡ್ರೆಸ್ಸಿಂಗ್‌ನಲ್ಲೇ ಒಣಗಿತು. ಕೀವು ಬಂದಿದ್ದರೆ, ಆಳಕ್ಕೆ ದಾರಿ ಕಂಡಿದ್ದರೆ ಅವತ್ತೇ ಓಟಿಗೆ ಹೋಗುವುದು ಎಂದು ಮೊದಲೇ ಬರೆದಿಟ್ಟುಕೊಂಡಿದ್ದೆವು.

ಎಂಟನೇ ವಾರ ಫ್ಲ್ಯಾಪನ್ನು ರಕ್ತನಾಳ ಇಲ್ಲದ ಬದಿಯಿಂದ ಎತ್ತಿ, ಸಿಮೆಂಟ್ ತೆಗೆದು, ಸೊಂಟದ ಮೂಳೆಯಿಂದ ತಂದ ಚೂರುಗಳನ್ನು ತುಂಬಿದೆವು. ಸಿಮೆಂಟಿನ ಸುತ್ತ ಆಗ ಒಂದು ಪೊರೆ ಬೆಳೆದಿರುತ್ತದೆ, ಅದು ಹೊಸ ಮೂಳೆಗೆ ಆಸರೆ.

ಐದನೇ ತಿಂಗಳ ಎಕ್ಸ್‌ರೇ ಎಲ್ಲರ ತಾಳ್ಮೆ ಪರೀಕ್ಷೆ ಮಾಡಿತು. ಹಿಂಭಾಗದಲ್ಲಿ ಮೂಳೆ ಕಾಣುತ್ತಿತ್ತು, ಒಳಬದಿಯಲ್ಲಿ ಮಬ್ಬು. ಮೂಳೆ ಎಷ್ಟು ಕೂಡಿದೆ ಎಂದು ನಾಲ್ಕು ಬದಿಗೂ ಅಂಕ ಕೊಟ್ಟು ಒಟ್ಟು 4ರಿಂದ 12ರವರೆಗೆ ಲೆಕ್ಕ ಹಾಕುವ ರಸ್ಟ್ ಪದ್ಧತಿಯಲ್ಲಿ 8 ಬಂತು. ಒಂದು ಬದಿಯ ಸ್ಕ್ರೂ ತೆಗೆದು ಭಾರ ಬೀಳುವಂತೆ ಮಾಡೋಣವಾ, ದಪ್ಪ ರಾಡ್ ಹಾಕೋಣವಾ ಅಂತ ಮಾತು ಬಂತು. ಬೇಡ ಅಂದೆವು. ಸ್ಪ್ರಿಂಟ್ ಅಧ್ಯಯನದಲ್ಲಿ ದೊಡ್ಡ ಖಾಲಿ ಜಾಗ ಇಲ್ಲದವರಿಗೆ ಆರು ತಿಂಗಳೊಳಗೆ ಮತ್ತೆ ಆಪರೇಶನ್ ಮಾಡಬಾರದು ಎನ್ನುವ ನಿಯಮ ಇಟ್ಟಿದ್ದರು. ಕೂಡುವುದಿಲ್ಲ ಅನ್ನಿಸಿದ ಎಷ್ಟೋ ಮೂಳೆಗಳು ಸುಮ್ಮನೆ ಕಾದದ್ದರಿಂದಲೇ ಕೂಡಿದವು. ನಮ್ಮ ರೋಗಿಗೆ ಖಾಲಿ ಜಾಗ ಇತ್ತು, ಅದಕ್ಕೆ ಬೇಕಾದ ಕಸಿ ಮಾಡಿಯೂ ಆಗಿತ್ತು. ಈಗ ಬೇಕಿದ್ದದ್ದು ಸಮಯ. ಜೊತೆಗೆ ಸಿಗರೇಟು ಬಿಡುವುದು. ಅದನ್ನು ಅವರು ಆಸ್ಪತ್ರೆಯಿಂದ ಹೋದ ಮೇಲೆ ಮತ್ತೆ ಶುರು ಮಾಡಿದ್ದರು. ಸೇದಿದರೆ ಮೂಳೆ ತಡವಾಗಿ ಕೂಡುತ್ತದೆ ಅಂತ ಎಕ್ಸ್‌ರೇ ಎದುರಿಗಿಟ್ಟು ಹೇಳಿದ ಮೇಲೆ ಪೂರ್ತಿ ಬಿಟ್ಟರು.

ಒಂಬತ್ತನೇ ತಿಂಗಳಿಗೆ ಅಂಕ 10ಕ್ಕೆ ಬಂತು. ಕೋಲು ಬಿಟ್ಟು ನಡೆದರು. ವರ್ಷ ತುಂಬಿದಾಗ ಎರಡೂ ಕಾಲು ಒಂದೇ ಉದ್ದ, ತಿರುಚಿಲ್ಲ, ಸೋಂಕು ಇಲ್ಲ. ಪಾದ ಮೇಲಕ್ಕೆ ಎತ್ತುವುದು ಎಡಗಾಲಿಗಿಂತ ಸ್ವಲ್ಪ ಕಡಿಮೆ. ಮಂಡಿಯೂರಿ ಕೂತರೆ ಮೊಣಕಾಲಿನ ಮುಂದೆ ನೋವು. ಟಿಬಿಯಾಗೆ ರಾಡ್ ಹಾಕಿಸಿಕೊಂಡ ಬಹಳ ಜನಕ್ಕೆ ಇದು ಇರುತ್ತದೆ. ಆಪರೇಶನ್‌ಗೆ ಮೊದಲೇ ಹೇಳಿದ್ದರಿಂದ ಅವರು ಮೋಸ ಹೋದ ಹಾಗೆ ಭಾವಿಸಲಿಲ್ಲ.

ಬೇರೆ ಕಡೆ ಆಗಿದ್ದರೆ

ಈ ಪ್ರಕರಣ ಓದಿ "3ಬಿಗೆ ರಾಡ್ ಹಾಕಬಹುದು" ಅಂತ ಒಂದೇ ಸಾಲು ತೆಗೆದುಕೊಂಡು ಹೋಗಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಇದೇ ಕಾಲು, ಇದೇ ಗಾಯ, ಫ್ಲ್ಯಾಪ್ ಮಾಡುವವರು ಇಲ್ಲದ ಆಸ್ಪತ್ರೆಗೆ ಬಂದಿದ್ದರೆ ಸರಿಯಾದ ಆಪರೇಶನ್ ಬೇರೆ: ಚೆನ್ನಾಗಿ ತೊಳೆದು, ಗಾಯದಿಂದ ದೂರ ಪಿನ್ ಹಾಕಿ ಫ್ರೇಮ್ ಕಟ್ಟಿ, ಅವತ್ತೇ ಫೋನ್ ಮಾಡಿ, ಫ್ಲ್ಯಾಪ್ ಮಾಡುವ ಕಡೆಗೆ ಕಳಿಸುವುದು. ಅಲ್ಲಿ ರಾಡ್ ಹಾಕಿ, ಗಾಯ ತೆರೆದೇ ಇಟ್ಟು, ವಾರ ಕಳೆದ ಮೇಲೆ ಕಳಿಸಿದರೆ ಮುಂದಿನವರ ಕೈಯಲ್ಲಿ ಆಯ್ಕೆಗಳೇ ಉಳಿಯುವುದಿಲ್ಲ. ಎರಡನೇ ನೋಟಕ್ಕೆ ಗಾಯ ಕೊಳಕಾಗಿ ಕಂಡಿದ್ದರೆ ನಾವೂ ರಾಡ್ ಹಾಕುತ್ತಿರಲಿಲ್ಲ. ಚೂರು ಪೂರ್ತಿ ಸುತ್ತಿಗೆ ಹೋಗಿದ್ದರೆ ಉಂಗುರದ ಫ್ರೇಮ್ ಕಡೆ ತಿರುಗುತ್ತಿದ್ದೆವು. ಗಾಯ ಚಿಕ್ಕದಿದ್ದು ಮೊದಲ ದಿನವೇ ಮುಚ್ಚಲು ಬಂದಿದ್ದರೆ, ಫ್ರೇಮ್ ಮುಟ್ಟದೆ ಅವತ್ತೇ ರಾಡ್ ಹಾಕಿ ಮುಗಿಸುತ್ತಿದ್ದೆವು.

ರಾಡ್ ಇನ್ನೂ ಒಳಗೇ ಇದೆ. ಮೊಣಕಾಲು ನೋವಿಗಾಗಿ ಅದನ್ನು ತೆಗೆಸಬೇಕಾ ಅಂತ ರೋಗಿ ಕಳೆದ ಸಲ ಕೇಳಿದರು. ತೆಗೆದ ಮೇಲೂ ಕೆಲವರಿಗೆ ನೋವು ಹೋಗುವುದಿಲ್ಲ. ತೆಗೆಯಲು ಅದೇ ದಾರಿಯಲ್ಲಿ ಮತ್ತೆ ಹೋಗಬೇಕು. ಕಸಿ ಮಾಡಿದ ಒಳಬದಿ ಎಕ್ಸ್‌ರೇಯಲ್ಲಿ ಇನ್ನಷ್ಟು ಗಟ್ಟಿಯಾಗಲಿ, ಎರಡನೇ ವರ್ಷ ಮುಗಿದ ಮೇಲೆ ಕೂತು ಮಾತಾಡೋಣ ಅಂತ ಹೇಳಿ ಕಳಿಸಿದ್ದೇವೆ. ಅಲ್ಲಿಯವರೆಗೆ ಕಾಲು ಬಿಸಿಯಾದರೆ, ಕೆಂಪಾದರೆ, ಎಲ್ಲಾದರೂ ಒಂದು ಹನಿ ಸೋರಿದರೆ ಅದೇ ದಿನ ಬರಬೇಕು ಅಂತ ಅವರ ಹೆಂಡತಿಗೂ ಹೇಳಿದ್ದೇವೆ.